ನಮ್ಮ ತಂಬೂರಿ ಸರ್ ಹೋದ್ರು, ಯಾರ್ಯಾರಿಗೆ ನೆನಪದ?

ಸಪ್ತಾಪುರ_92

ಹೋದ ಮಂಗಳವಾರ ನಸುಕಿನ್ಯಾಗ ನಮ್ಮ ತಂಬೂರಿ ಸರ್ ತೀರಿಕೊಂಡ್ರು ರೀ. ಹೆಸರು ಹಾಕಬ್ಯಾಡ್ರಿ ಅಂತ ಮನಿಯವ್ರು ಹೇಳ್ಯಾರ, ಅದಕ್ಕ ಹಾಕಂಗಿಲ್ಲ, ಆದ್ರ ಧಾರವಾಡದಾಗ ಎಂಬತ್ತು-ತೊಂಬತ್ತರ ದಶಕದಾಗ ಬಿಎಸ್ಸಿ ಓದಿದವ್ರಿಗೆ ಇಷ್ಟು ಸಾಕು: ಫಿಸಿಕ್ಸ್, ಲೂನಾ ಗಾಡಿ, ಹೆಗಲಿಗೆ ಖಾದಿ ಚೀಲ, ಚೀಲದಾಗ ಒಂದು ಲಾಗ್ ಟೇಬಲ್ ಪುಸ್ತಕ ಮತ್ತ ಎರಡು ಕ್ಯಾಸೆಟ್.

ನಾನು ಅವ್ರ ಕೈಯಾಗ ಮೂರು ವರ್ಷ ಕಲತೀನಿ. ಸೌಂಡ್ ಚಾಪ್ಟರ್ ಬಂತಂದ್ರ ಸರ್ ಬ್ಯಾರೇನ ಮನಷ್ಯಾ ಆಗ್ತಿದ್ರು. ಮನಿಯಿಂದ ಕಾಲೇಜಿಗೆ ತಂಬೂರಿ ತರೂದು, ಹೆಂಗ ತರೂದು ಅಂದ್ರ ಲೂನಾದ ಮ್ಯಾಲೆ, ಹಿಂದ ತಂಬೂರಿ ಅಪ್ಪಿಕೊಂಡು ಕುಂತಾವ ನಾನ. ಜುಬಿಲಿ ಸರ್ಕಲ್ ದಾಟೂಮುಂದ ಪೋಲಿಸಪ್ಪ ಸೀಟಿ ಊದೂದು ಬಿಟ್ಟು ನಮ್ಮನ್ನ ನೋಡಿಕೋತ ನಿಂತಿದ್ದ.

ಕ್ಲಾಸಿನ್ಯಾಗ ಬಂದು ಟೇಬಲ್ ಮ್ಯಾಲೆ ಮಲಗಿಸಿ, ಕಡೀ ತಂತಿ, ಅದ ಖರ್ಜದ್ದು, ಕೆಳಗಿನ ಸಾದ್ದು, ಒಮ್ಮೆ ಮೀಟಿ ಸುಮ್ಮನ ನಿಂತುಬಿಡೋರು. "ಏನೇನು ಕೇಳಸ್ತದ ಹೇಳ್ರಿ." ನಾವು "ಸಾ ಸರ್" ಅಂತಿದ್ವಿ. ಮತ್ತ ಮೀಟೋರು. ನಾಕನೇ ಸಲಕ್ಕೋ ಐದನೇ ಸಲಕ್ಕೋ ಯಾರೋ ಒಬ್ಬಾಕಿ "ಸರ್ ಮ್ಯಾಲೆ ಎಲ್ಲೋ ಒಂದು ಗಾ ಕೇಳಿಧಂಗ ಆಗ್ತದ" ಅಂದ್ಲು. ಸರ್ ಮಾರಿ ನೋಡಬೇಕಿತ್ತು ನೀವು. ಆಮ್ಯಾಲೆ ಬೋರ್ಡಿಗೆ ತಿರುಗಿ ಹಾರ್ಮೋನಿಕ್ಸ್ ಬರದ್ರು, ಅಂದ್ರ ಮೂಲ ದನಿ ಜೋಡಿ ಅದ ತಂತಿಯಿಂದ ಬರೋ ಎರಡು ಪಟ್ಟು, ಮೂರು ಪಟ್ಟಿನ ದನಿಗಳು, ಮೂರನೇದು ಪಂಚಮ, ಐದನೇದು ಗಾಂಧಾರ, ಯಾರೂ ಹಾಡಲಾರದ ಗಾಂಧಾರ ತಂತಿಯಿಂದ ತಾನ ಹುಟ್ಟತದ ಅಂತ. ನನಗ ಇವತ್ತಿಗೂ ಫೋರಿಯರ್ ಸೀರೀಸ್ ಅಂದ್ರ ಆ ಟೇಬಲ್ಲು, ಆ ತಂಬೂರಿನ ಕಣ್ಣಮುಂದ ಬರತಾವ.

ಒಂದು ಮಾತು ಮಾತ್ರ ನನಗ ಗೊತ್ತಾಗಿಲ್ಲ. ಇಷ್ಟೆಲ್ಲಾ ಸಂಗೀತದ ಹುಚ್ಚಿದ್ದ ಮನಷ್ಯಾ ಹಾಡಿದ್ದು ನಾ ಒಂದು ದಿನಾನೂ ಕೇಳಿಲ್ಲ. ಗುನುಗಿದ್ದು ಸುದ್ದಾ ಇಲ್ಲ. ಯಾರರ ಕೇಳೀರೇನು?

ಗಿರಮಿಟ್_ಗೆಳೆಯ

ಅಯ್ಯೋ ದೇವ್ರ, ಈಗ ನಿಮ್ಮಿಂದ ತಿಳೀತು ನೋಡ್ರಿ. ಭಾಳ ಕೆಟ್ಟನಸ್ತು.

ನಮ್ಮ ಬ್ಯಾಚಿನ ಜವಾರಿ ಕಥಿ ಹೇಳಬೇಕು. ತಂಬೂರಿ ಬ್ರಿಜ್ ಮ್ಯಾಲೆ ತಂತಿ ಕೆಳಗ ಒಂದು ಸಣ್ಣ ದಾರ ಇರ್ತದಲ್ಲ, ಅದನ್ನ ಹಿಂದ-ಮುಂದ ಸರಿಸಿದ್ರ ದನಿ ಅರಳತದ, ಅದಕ್ಕ ಜವಾರಿ ಅಂತಾರ. ಸರ್ "ಈಗ ಜವಾರಿ ಹಚ್ಚತೀನಿ" ಅಂದ್ರು. ಹಿಂದಿನ ಬೆಂಚಿನಿಂದ ನಾನು "ಸರ್, ಜವಾರಿ ಅಂದ್ರ ಜವಾರಿ ಬೆಳ್ಳೊಳ್ಳಿ ಏನ್ರಿ" ಅಂದ್ಯಾ. ಇಡೀ ಕ್ಲಾಸು ನಕ್ಕಿತು. ಇನ್ನ ಹೊರಗ ಹಾಕ್ತಾರ ಅನಕೊಂಡ್ರ ಸರ್ ಭಾಳ ಗಂಭೀರ ಆಗಿ "ಹೌದಪಾ, ಹೈಬ್ರಿಡ್‌ದಾಗ ಈ ವಾಸನಿ ಬರಂಗಿಲ್ಲ" ಅಂದು ದಾರ ಸರಿಸಿದ್ರು, ದನಿ ಝಂಯ್ ಅಂತು. ನಾ ಹಿಂದಿನ ಬೆಂಚು ಬಿಟ್ಟು ಮುಂದ ಬಂದಿದ್ದು ಆವತ್ತಿನಿಂದ.

ಸಿ.ವಿ. ರಾಮನ್ ಕಥಿ ಸುದ್ದಾ ಅವತ್ತ ಹೇಳಿದ್ದು. ರಾಮನ್ ಅಂದ್ರ ನಮಗ 1930ರ ನೊಬೆಲ್, ಬೆಳಕು, ಅಷ್ಟ ಗೊತ್ತಿತ್ತು. ಅದಕ್ಕೂ ಮೊದ್ಲ 1921ರಾಗ ಅವ್ರು ತಂಬೂರಿ, ವೀಣಾ ಮ್ಯಾಲೆ ಬರದಾರ. ತಂತೀನ ಯಾವ ಜಾಗಾದಾಗ ಮೀಟತೀರಿ, ಆ ಜಾಗಾದಾಗ ನೋಡ್ (ತಂತಿ ಅಲಗಾಡಲಾರದ ಬಿಂದು) ಇರೋ ಹಾರ್ಮೋನಿಕ್ ಬರಬಾರ್ದು ಅಂತ ಪುಸ್ತಕದಾಗ ಐತಿ, ತಂಬೂರಿ ಅದನ್ನ ಕೇಳಂಗಿಲ್ಲ, ಬ್ರಿಜ್ ಚಪ್ಪಟಿ ಆಗಿ ಬಾಗಿರೋದಕ್ಕ ಅವೂ ಬರತಾವ. "ಪುಸ್ತಕದ ಮಾತು ಕೇಳಲಾರದ ವಾದ್ಯ" ಅಂತಿದ್ರು ಸರ್. ನನ್ನ ಕಡೆ ನೋಡಿ ಅಂದ್ರೋ ಏನೋ.

ಹಾಡಿದ್ದು ನಾನೂ ಕೇಳಿಲ್ಲ.

ಹಾವೇರಿ_ಏಲಕ್ಕಿ

ನಾನು ಸಂಗೀತದಾವ ಅಲ್ಲ, ಖರೇ ಹೇಳಬೇಕಂದ್ರ ಸಾ ಯಾವ್ದು ಪಾ ಯಾವ್ದು ಇವತ್ತಿಗೂ ತಿಳಿಯಂಗಿಲ್ಲ. ಆದ್ರ ಸೋನೋಮೀಟರ್ ಪ್ರಾಕ್ಟಿಕಲ್ ಮರತಿಲ್ಲ. ತಂತಿಗೆ ಒಂದು ಕೆಜಿ ತೂಕ ಕಟ್ಟಿ ಮೀಟಿದ್ರ ಬರೋ ದನೀನ ಸಾ ಅನ್ರಿ, ನಾಕು ಕೆಜಿ ಕಟ್ಟಿದ್ರ ಮ್ಯಾಲಿನ ಸಾ. ಎರಡು ಪಟ್ಟು ಏರಬೇಕಂದ್ರ ನಾಕು ಪಟ್ಟು ಭಾರ. ನಡುವ ಪಾ ಬೇಕಂದ್ರ ಎಷ್ಟು ಅಂತ ಕೇಳಿದ್ರು, ಒಂದೂವರಿಯ ವರ್ಗ, ಎರಡೂಕಾಲು ಕೆಜಿ. ಲ್ಯಾಬಿನ್ಯಾಗ ಅರ್ಧ ಅರ್ಧ ಕೆಜಿ ತೂಕ ಅಷ್ಟ ಇದ್ವು, ಕಾಲು ಕೆಜಿದ್ದು ಇರಲಿಲ್ಲ. ನನ್ನ ಕೈಯಾಗ ಚೀಟಿ ಕೊಟ್ಟು ಕಾಲೇಜ್ ಎದುರಿನ ಕಿರಾಣಿ ಅಂಗಡಿಗೆ ಕಳಿಸಿದ್ರು, ಶೆಟ್ರು ಬ್ಯಾಳಿ ತೂಗೋ ಕಬ್ಬಿಣದ ತೂಕ ಒಂದು ತಾಸಿಗೆ ಸಾಲ ಕೊಟ್ಟ್ರು. ಅದನ್ನ ಕಟ್ಟಿ ಮೀಟಿದಾಗ ಮಂದಿ ಎಲ್ಲಾ "ಹಾ ಪಾ ಬಂತು" ಅಂದ್ರು, ನನಗೇನೂ ತಿಳೀಲಿಲ್ಲ, ಆದ್ರ ಲೆಕ್ಕಾ ಕೂಡಿದ್ದು ನೋಡಿ ಭಾಳ ಖುಷಿ ಆತು.

ನನಗ ಆ ವರ್ಷ ಪೇಪರ್ ಹೋತು, ಅದು ಬ್ಯಾರೆ ಮಾತು. ಮನಿಗೆ ಕರದು ಎಂಟು ಆಯ್ತವಾರ ಕುಂದ್ರಿಸಿ ಹೇಳಿಕೊಟ್ಟ್ರು, ರೊಕ್ಕಾ ಮುಟ್ಟಲಿಲ್ಲ. ಲೆಕ್ಕಾ ಮಾಡೂಮುಂದ ಮೂಲ್ಯಾಗ ರೇಡಿಯೋ ಸಣ್ಣಗ ನಡದಿರತಿತ್ತು. ಒಮ್ಮೊಮ್ಮೆ ನಡಕ ಬಟ್ಟು ಎತ್ತಿ "ತಡಿ" ಅಂತಿದ್ರು, ನಾ ಪೆನ್ನು ಎತ್ತಿ ಹಿಡಕೊಂಡ ಕುಂದ್ರತಿದ್ದೆ.

ಮಾಳಮಡ್ಡಿಯಾಕಿ

ಎಲ್ಲಾರೂ ಹೂವಾ ಏರಸಾಕತ್ತೀರಿ, ನಾನೂ ಅವ್ರಿಗೆ ಋಣಿ ಇದ್ದೀನಿ, ಮ್ಯಾಲೆ "ಗಾ ಕೇಳಿಧಂಗ ಆಗ್ತದ" ಅಂದಾಕಿ ನಾನ. ಆದ್ರೂ ಒಂದು ಮಾತು ಹೇಳತೀನಿ, ಸಿಟ್ಟಾಗಬ್ಯಾಡ್ರಿ.

ಕುಂದಗೋಳಕ್ಕ ಹುಡುಗೂರನ್ನ ಕರಕೊಂಡು ಹೋಗತಿದ್ರಲ್ಲ ಸರ್, ನಾಡಗೀರ ವಾಡೆದಾಗ ಸವಾಯಿ ಗಂಧರ್ವರ ಪುಣ್ಯತಿಥಿ ಸಂಗೀತಕ್ಕ, ಇಡೀ ರಾತ್ರಿ ಕುಂತು ಕೇಳಾಕ. ಮರುದಿನ ನೀವೆಲ್ಲಾ ಕಣ್ಣು ಕೆಂಪ ಮಾಡಿಕೊಂಡು ಬಂದು ಯಾರು ಏನು ಹಾಡಿದ್ರು, ಯಾವಾಗ ಚಾ ಬಂತು ಅಂತ ದೊಡ್ಡ ದೊಡ್ಡ ಮಾತು ಹೇಳತಿದ್ರಿ. ನಮ್ಮನ್ನ ಹುಡಿಗ್ಯಾರನ್ನ ಒಬ್ಬಾಕಿನ್ನೂ ಒಂದು ವರ್ಷನೂ ಕರೀಲಿಲ್ಲ. ಕ್ಲಾಸಿನ್ಯಾಗ ಗಾಂಧಾರ ಕೇಳಿದಾಕಿ ನಾನು, ರೈಲು ಹತ್ತಿದವ್ರು ನೀವು.

ಸ್ಟಾಫ್‌ರೂಮ್_ಹಿರಿಯ

ನಾನು ಕೆಮಿಸ್ಟ್ರಿ ಕಡೆಯವ, ಅವ್ರ ಜೋಡಿ ಇಪ್ಪತ್ತಾರು ವರ್ಷ ಒಂದ ಸ್ಟಾಫ್ ರೂಮಿನ್ಯಾಗ ಚಾ ಕುಡದೀನಿ. ತಂಗೀ, ಆ ಕಾಲಕ್ಕ ಹಾಸ್ಟೆಲ್ ಪರವಾನಗಿ, ಮನಿಯವ್ರ ಹೇಳೂದು ಕೇಳೂದು ಭಾಳ ಇತ್ತವ್ವಾ. ಅವ್ರಿಗೂ ಅಂಜಿಕಿ.

ಮಾಳಮಡ್ಡಿಯಾಕಿ

ಸರ್, ನಿಮ್ಮ ಬಗ್ಗೆ ಗೌರವ ಅದ. ಆದ್ರ ನಾ ಹಾಸ್ಟೆಲ್‌ನಾಗ ಇರಲಿಲ್ಲ, ಮಾಳಮಡ್ಡಿಯಾಕಿ, ನಮ್ಮಪ್ಪನ ಬಂದು ಕೇಳತಿದ್ದ. ಮತ್ತ ಗಂಗೂಬಾಯಿ ಹಾನಗಲ್ ಅವ್ರು ಸವಾಯಿ ಗಂಧರ್ವರ ಕಡೆ ಕಲ್ಯಾಕ ಹುಬ್ಬಳ್ಳಿಯಿಂದ ಕುಂದಗೋಳಕ್ಕ ರೈಲಿನ್ಯಾಗ ಹೋಗಿ ಬರತಿದ್ರು ಅಂತ ನಮಗ ಕ್ಲಾಸಿನ್ಯಾಗ ಹೇಳಿದವ್ರು ಯಾರು? ಸರ್ ಅವ್ರ! ಅವ್ರ ಹಳೇ ರೆಕಾರ್ಡಿನ ಮ್ಯಾಲೆ 'ಗಾಂಧಾರಿ ಹುಬ್ಳಿ' ಅಂತ ಹೆಸರಿತ್ತು ಅನ್ನೋದನ್ನೂ ಅವ್ರ ಹೇಳಿದ್ದು. ಹೇಳತಾ ಕಣ್ಣಾಗ ನೀರು ತರತಿದ್ರು. ಆಮ್ಯಾಲೆ ಅದ ರೈಲಿಗೆ ಹುಡುಗೂರ ಟಿಕೆಟ್ ಅಷ್ಟ ತಗಸೋರು.

ಸ್ಟಾಫ್‌ರೂಮ್_ಹಿರಿಯ

ಖರೇ ಅದ ತಂಗಿ. ಅದಕ್ಕ ನನ್ನ ಕಡೆ ಉತ್ತರ ಇಲ್ಲ.

ಸಪ್ತಾಪುರ_92

ಅಕ್ಕಾರ, ಆ ರೈಲಿನ್ಯಾಗ ಇದ್ದಾವ್ರೊಳಗ ನಾನೂ ಒಬ್ಬ. ಇಷ್ಟು ವರ್ಷದಾಗ ಈ ವಿಚಾರ ನನ್ನ ತಲಿಗೆ ಬಂದಿರಲಿಲ್ಲ, ನಾಚಿಕಿ ಆತು.

ಅಲ್ಲಿ ಸರ್‌ದು ಒಂದ ರೂಲು. ನಿದ್ದಿ ಬಂದ್ರ ಗ್ವಾಡಿಗೆ ಒರಗಿ ಮಲಗ್ರಿ, ಗೊರಕಿ ಹೊಡದ್ರೂ ಅಡ್ಡಿಯಿಲ್ಲ, ಆದ್ರ ಬಡಾ ಖ್ಯಾಲ್, ರಾಗ ಸಾವಕಾಶ ಬಿಡಿಸಿ ಹಾಡೂದು, ನಡದಾಗ ಎದ್ದು ಹೋಗಬ್ಯಾಡ್ರಿ. ಒಬ್ಬಾವ ಬೀಡಿ ಸೇದಾಕ ಎದ್ದು ಹೋಗಿದ್ದ, ಅವನ ಜೋಡಿ ವಾಪಸ್ ಬರೂಮಟ ಮಾತಾಡಲಿಲ್ಲ ಸರ್. ಹುಬ್ಬಳ್ಳಿ ಸ್ಟೇಷನ್ನಿನ್ಯಾಗ ಇಳದ ಮ್ಯಾಲೆ ಅವಗ ಇಡ್ಲಿ ಕೊಡಿಸಿ "ಅವ್ರು ರಾಗದ ಬಾಗಲಾ ತಗಿಯಾಕತ್ತಿದ್ರೋ, ನೀ ಮನಿ ಬಿಟ್ಟು ಹ್ವಾದಿ" ಅಂದ್ರು.

ಇನ್ನೊಂದು. ಮಲ್ಲಿಕಾರ್ಜುನ ಮನ್ಸೂರ ಬುವಾ ಹೋಗಿದ್ದು 1992ರ ಸಪ್ಟೆಂಬರ್ 12, ಶನಿವಾರ. ಸೋಮವಾರ ಸರ್ ಕ್ಲಾಸಿಗೆ ಬಂದ್ರು, ಹಾಜರಿ ತಗೊಂಡ್ರು, ಏನೂ ಮಾತಾಡಲಾರದ ಡಾಪ್ಲರ್ ಇಫೆಕ್ಟ್ ಹೇಳಿದ್ರು. ದೂರ ಹೋಗೋ ರೈಲಿನ ಸೀಟಿ ಯಾಕ ಇಳದು ಕೇಳಸ್ತದ ಅಂತ. ಇಡೀ ಕ್ಲಾಸು ಸುಮ್ಮಾಗಿತ್ತು, ಎಲ್ಲಾರಿಗೂ ಅರ್ಥ ಆಗಿತ್ತು.

ಲ್ಯಾಬ್_ರೆಕಾರ್ಡ್

ಗೆಳೆಯಾ, ಕಥಿ ಭಾಳ ಛಂದ ಅದ, ಆದ್ರ ಆವತ್ತು ಡಾಪ್ಲರ್ ಇರಲಿಲ್ಲ. ನನ್ನ ಕಡೆ ಆ ವರ್ಷದ ನೋಟ್‌ಬುಕ್ ಇನ್ನೂ ಅದ, ಈಗ ಅಟ್ಟದ ಮ್ಯಾಲಿಂದ ಇಳಿಸಿ ನೋಡಿದೆ. 14-9-92: ವಿಸ್ಕಾಸಿಟಿ, ಸ್ಟೋಕ್ಸ್ ಲಾ. ಹರಳೆಣ್ಣಿಯೊಳಗ ಗೋಲಿ ಬಿಡೂದು. ನನ್ನ ಅಕ್ಷರದಾಗ ನಡಕ ಒಂದು ಲೈನ್ ಅದ, 'ಸರ್ ಎರಡು ಸಲ ಸ್ಟೆಪ್ ತಪ್ಪಿದ್ರು' ಅಂತ. ಅಷ್ಟ.

ಗಿರಮಿಟ್_ಗೆಳೆಯ

ಹರಳೆಣ್ಣಿ 😂 ಮೂವತ್ತು ವರ್ಷ ಡಾಪ್ಲರ್ ಅಂತ ಹೇಳಿ ಎಷ್ಟು ಮಂದೀನ ಅಳಿಸೀಯೋ ಮಾರಾಯಾ

ಸಪ್ತಾಪುರ_92

ನಾ ಎಲ್ಲಾ ಕಡೆ ಹಂಗ ಹೇಳಿಕೋತ ಬಂದೀನ್ರಪಾ, ನನ್ನ ಮಕ್ಕಳಿಗೂ ಹೇಳೀನಿ. ಈಗ ಏನ್ ಮಾಡ್ಲಿ. ಸ್ಟೆಪ್ ತಪ್ಪಿದ್ದು ಮಾತ್ರ ಈಗ ನೆನಪಾತು, ಹೌದು, ಅವ್ರು ಎಂದೂ ತಪ್ಪತಿರಲಿಲ್ಲ.

ಗದಗ_ಬೆಟಗೇರಿ

ನಾನು ನಿಮ್ಮ ಕಾಲೇಜಿನಾವ ಅಲ್ಲ, ಕ್ಷಮಿಸ್ರಿ ನಡಕ ಬಂದದ್ದಕ್ಕ. ಗದಗಿನ ವೀರೇಶ್ವರ ಪುಣ್ಯಾಶ್ರಮದಾಗ ಸಣ್ಣಾಂವ ಇದ್ದಾಗ ತಬಲಾ ಕಲಿತಾವ. ನಿಮ್ಮ ಸರ್ ವರ್ಷಾ ವರ್ಷಾ ಬರತಿದ್ರು ಅಲ್ಲಿಗೆ. ದೊಡ್ಡ ಕಲಾವಿದ್ರು ಬಂದ್ರ ಮುಂದ ಸೋಫಾ ಹಾಕಿರತಾರಲ್ಲ, ಅಲ್ಲಿ ಎಷ್ಟು ಕರದ್ರೂ ಕುಂದ್ರತಿರಲಿಲ್ಲ, ಹಿಂದ ನಮ್ಮ ಹುಡುಗೂರ ಸಾಲಿನ್ಯಾಗ ಬಂದು ಚಾಪಿ ಮ್ಯಾಲೆ ಕುಂದ್ರತಿದ್ರು. ಪುಟ್ಟಜ್ಜಾರು, ಅಂದ್ರ ಪುಟ್ಟರಾಜ ಗವಾಯಿಗಳು, ಇದ್ದಾಗಿನಿಂದ ಬರಾವ್ರು, 2010ರಾಗ ಅಜ್ಜಾರು ಲಿಂಗೈಕ್ಯ ಆದ ಮ್ಯಾಲೂ ಬಿಡಲಿಲ್ಲ.

ಒಮ್ಮೆ ಒಂದು ಕ್ಯಾಸೆಟ್ ತಂದಿದ್ರು, ಬಸವರಾಜ ರಾಜಗುರು ಅವ್ರದು. ಅವ್ರೂ ನಮ್ಮ ಪಂಚಾಕ್ಷರಿ ಗವಾಯಿಗಳ ಶಿಷ್ಯರಲ್ಲೇನ್ರಿ, ಅದಕ್ಕ ನಮಗೆಲ್ಲಾ ಹೆಮ್ಮಿ. ಹಚ್ಚಿದ ಕೂಡಲೆ ನನ್ನ ಬಾಜೂಕ ಕುಂತಿದ್ದ ಕಣ್ಣು ಕಾಣದ ಹುಡುಗ "ಇದು ಏರಿಕೊಂಡೈತ್ರಿ, ಅರ್ಧ ಸ್ವರ ಮ್ಯಾಲೈತಿ" ಅಂದ. ಸರ್ ಎದ್ದು ಬಂದು ಆ ಹುಡುಗನ ಎರಡೂ ಕೈ ಹಿಡಕೊಂಡ್ರು. ಆಮ್ಯಾಲೆ ಕ್ಯಾಸೆಟ್ ಡಬ್ಬಿ ನಮಗ ತೋರಸಿದ್ರು, ಅದರ ಮ್ಯಾಲೆ ಅವ್ರ ಕೈಬರಹದಾಗ ಬರದಿತ್ತು: 'ಕರೆಂಟ್ ಇಲ್ಲ, ಬ್ಯಾಟರಿ ವೀಕ್, ಅರ್ಧ ಸ್ವರ ಏರಿದೆ.' ಬ್ಯಾಟರಿ ಇಳದಾಗ ಟೇಪು ಸಾವಕಾಶ ತಿರುಗಿ ರೆಕಾರ್ಡ್ ಆಗತೈತಿ, ಆಮ್ಯಾಲೆ ಕರೆಂಟಿನ ಮ್ಯಾಲೆ ಹಚ್ಚಿದ್ರ ಜೋರಾಗಿ ಓಡತೈತಿ, ನೂರಕ್ಕ ಆರರಷ್ಟು ಜೋರಾದ್ರ ಅರ್ಧ ಸ್ವರ ಏರತೈತಿ ಅಂತ ಆ ಹುಡುಗಗ ಅಲ್ಲೇ ಕುಂತು ಲೆಕ್ಕಾ ಹೇಳಿದ್ರು. ಅಷ್ಟೊತ್ತಿಗೆ ಪ್ರಸಾದದ ಗಂಟಿ ಹೊಡದಿತ್ತು, ಇಬ್ರೂ ಏಳಲಿಲ್ಲ.

ಅವ್ರು ಹಾಡತಿದ್ರೇನು ಅಂತ ಕೇಳೀರಿ. ನಮ್ಮ ಆಶ್ರಮದಾಗ ಹಾಡ್ರಿ ಸರ್ ಅಂತ ಹುಡುಗೂರು ಗಂಟು ಬಿದ್ದಾಗ ಕೈ ಮುಗದು ನಕ್ಕು ಬಿಡತಿದ್ರು.

ಹಾವೇರಿ_ಏಲಕ್ಕಿ

ಪುಟ್ಟಜ್ಜಾರು ಹುಟ್ಟಿದ್ದು ನಮ್ಮ ಹಾನಗಲ್ ತಾಲೂಕು ದೇವಗಿರಿ ರೀ, ಅದೊಂದು ಸೇರಿಸ್ರಿ. ಗದಗಿನವ್ರು ಪೂರಾ ನಿಮ್ದ ಮಾಡಿಕೊಂಡೀರಿ 🙂

ಗದಗ_ಬೆಟಗೇರಿ

ಹಾವೇರಿದು ಹುಟ್ಟು, ಗದಗಿಂದು ಬೆಳಸು. ಜಗಳಾ ಬ್ಯಾಡ್ರಿ. ಭೀಮಸೇನ ಜೋಶಿಯವ್ರ ವಿಚಾರಕ್ಕ ಬಂದ್ರ ಮಾತ್ರ ನಾ ಬಿಡಾಂವ ಅಲ್ಲ, ರೋಣ ನಮ್ಮ ಜಿಲ್ಲಾ.

ಸ್ಟಾಫ್‌ರೂಮ್_ಹಿರಿಯ

ಹಾಡಿನ ಮಾತಿಗೆ ನಾನು ಉತ್ತರ ಹೇಳತೀನಿ, ಈಗ ಅವ್ರ ಇಲ್ಲ, ಹೇಳಿದ್ರ ನಡೀತದ ಅನಸ್ತದ.

ಅವ್ರು ಸಣ್ಣವ್ರಿದ್ದಾಗ ಕಲತಿದ್ರು. ಐದಾರು ವರ್ಷ ಕಲತಾರ, ಪರೀಕ್ಷಾನೂ ಕೊಟ್ಟಾರ. ಆಮ್ಯಾಲೆ ಬಿಟ್ಟ್ರು. ಯಾಕ ಅಂತ ನಾ ಒಂದು ದಿನ ಕೇಳಿದೆ, ಮಳಿ ದಿನ, ಸಾಧನಕೇರಿ ಕೆರಿ ಕಡೆ ತಿರುಗ್ಯಾಡಾಕ ಹೋಗಿದ್ವಿ, ಒಂದು ಕೊಡಿಯೊಳಗ ಇಬ್ಬರು, ಅರ್ಧಾ ಅವ್ರೂ ತೋಯ್ದಿದ್ರು ಅರ್ಧಾ ನಾನೂ. "ನನ್ನ ಕಿವಿ ನನ್ನ ಕೊಳ್ಳಕಿಂತ ಮುಂದ ಹೋಗಿಬಿಡ್ತೋ" ಅಂದ್ರು. ಧಾರವಾಡದಾಗ ಹುಟ್ಟಿದ್ದ ತಪ್ಪಾತು ನೋಡು, ಮುಂಜಾನೆದ್ದು ಮನ್ಸೂರ ಬುವಾ ಬಸ್ ಸ್ಟಾಪಿನ್ಯಾಗ ಕಾಣಸ್ತಾರ, ಸಂಜಿಮುಂದ ರಾಜಗುರು, ಹುಬ್ಬಳ್ಳಿಗೆ ಹೋದ್ರ ಗಂಗೂಬಾಯಿ, ಇವ್ರನ್ನೆಲ್ಲಾ ಕೇಳಿ ಮನಿಗೆ ಬಂದು ನಾ ಬಾಯಿ ತಗದ್ರ ನನಗ ನನ್ನ ದನಿ ಸಹನ ಆಗಲಿಲ್ಲ ಅಂದ್ರು. ದುಃಖದಿಂದ ಹೇಳಲಿಲ್ಲ ಅದನ್ನ. ಕೊಡಿ ನನ್ನ ಕಡೆ ಸರಿಸಿ, "ನಾನು ಕೇಳಾವ" ಅಂದ್ರು, ಒಬ್ಬಾವ ನಾನು ಡಾಕ್ಟ್ರು ನಾನು ವಕೀಲ ಅಂದಂಗ.

ಜುಲೈ 21 ಬಂದ್ರ ಅವ್ರು ಸ್ಟಾಫ್ ರೂಮಿನ್ಯಾಗ ಚಾ ಕುಡೀತಿರಲಿಲ್ಲ. ರಾಜಗುರು ಹೋಗಿದ್ದು 1991ರ ಜುಲೈ 21. ಅವ್ರು ರಿಟೈರ್ ಆದ ಮ್ಯಾಲೆ 2009ರಾಗ ಗಂಗೂಬಾಯಿಯವ್ರೂ ಅದ ಜುಲೈ 21ಕ್ಕ ಹೋದ್ರು. ಆವತ್ತು ಫೋನ್ ಮಾಡಿದ್ರು ನನಗ. "ತಾರೀಖು ನೋಡಿದ್ಯಾ" ಅಂದು ಇಟ್ಟುಬಿಟ್ಟ್ರು.

ಮಾಳಮಡ್ಡಿಯಾಕಿ

ಸರ್, ಇದನ್ನ ಓದಿ ಸುಮ್ಮನ ಕುಂತೀನಿ. ನನ್ನ ತಕರಾರು ಹಂಗ ಇರ್ಲಿ, ಅದೂ ಖರೇನ, ಇದೂ ಖರೇನ.

ನಾ ಈಗ ಹುಬ್ಬಳ್ಳಿಯೊಳಗ ಹೈಸ್ಕೂಲಿಗೆ ವಿಜ್ಞಾನ ಹೇಳತೀನಿ. ಹೋದ ವರ್ಷ ಎಂಟನೇ ಕ್ಲಾಸಿಗೆ ಸೌಂಡ್ ಬಂದಾಗ ಮೊಬೈಲಿನ್ಯಾಗಿನ ತಂಬೂರಿ ಆ್ಯಪ್ ಹಚ್ಚಿ ಕೇಳಿಸಿದೆ. ಸುಡ್ಲಿ, ಅದರಾಗ ಏನೂ ಇಲ್ಲ ರೀ, ಸಾ ಅಂದ್ರ ಸಾ ಅಷ್ಟ. ಆಮ್ಯಾಲೆ ನಮ್ಮ ಓಣ್ಯಾಗ ಭಜನಿ ಮಂಡಳಿಯವ್ರ ಕಡಿಂದ ಖರೇ ತಂಬೂರಿ ಕೇಳಿ ತಂದೆ, ಆಟೋದಾಗ. ಮೂರನೇ ಬೆಂಚಿನ ಹುಡುಗಿ ಕೈ ಎತ್ತಿದ್ಲು.

ಟೇಪ್_ತಿರುವಾವ

ನಮಸ್ಕಾರ ಎಲ್ಲಾರಿಗೂ. ನಾನು ಸರ್ ಓಣಿಯಾವ, ಅವ್ರ ಮನಿ ಕ್ಯಾಸೆಟ್ ಎಲ್ಲಾ ಕಂಪ್ಯೂಟರಿಗೆ ಹಾಕೋ ಕೆಲಸ ಕಾಕು (ಸರ್ ಹೆಂಡ್ತಿ) ನನಗ ವಹಿಸ್ಯಾರ. ಸರ್ ಇದ್ದಾಗನ ಶುರು ಮಾಡಿದ್ವಿ, ಅವ್ರು ಬಾಜೂಕ ಕುರ್ಚಿ ಹಾಕಿ ಕುಂದ್ರತಿದ್ರು, ಪಟ್ಟಿ, ಅಂದ್ರ ಶ್ರುತಿ, ಏರಿದ್ದು ಇಳದಿದ್ದು ಹೇಳಾಕ. ಈಗ ಒಬ್ನ ಮಾಡಾಕತ್ತೀನಿ.

ಕೆಲವಕ್ಕ ಫಂಗಸ್ ಹಿಡದೈತಿ, ಧಾರವಾಡದ ಮಳಿ ಗೊತ್ತಲ್ಲ. ಬಿಳೇ ಪುಡಿ ಇದ್ದದ್ದನ್ನ ಹಂಗ ಹಚ್ಚಿದ್ರ ಪ್ಲೇಯರ್ ಹೆಡ್ಡಿಗೂ ಬಡಕೊಂತೈತಿ, ಅದಕ್ಕ ಅವನ್ನ ಬ್ಯಾರೆ ಇಟ್ಟೀನಿ. ಉಳದವು ಚಲೋ ಅದಾವು. ಬಹಳಷ್ಟು ಆಕಾಶವಾಣಿ ಧಾರವಾಡದಿಂದ ಹಿಡದಿದ್ದು, ಶನಿವಾರ ರಾತ್ರಿ ರಾಷ್ಟ್ರೀಯ ಕಾರ್ಯಕ್ರಮ ಭಾಳ ಅದಾವು. ಅರವತ್ತು ನಿಮಿಷದ ಕ್ಯಾಸೆಟ್, ಒಂದು ಬದಿ ಅರ್ಧ ತಾಸು, ಸರ್ ಎಲ್ಲಿ ತಿರುವಿ ಹಾಕ್ಯಾರ ನೋಡಿದ್ರ ಒಂದು ಕಡೇನೂ ತಾನ್ ನಡಕ ಕತ್ತರಿಸಿಲ್ಲ, ಬಡಾ ಖ್ಯಾಲ್ ಮುಗದು ಜೋರು ಲಯದ ಛೋಟಾ ಖ್ಯಾಲ್ ಶುರು ಆಗೂ ಸಂದಿನ್ಯಾಗ ತಿರುವ್ಯಾರ. ಗಡಿಯಾರ ನೋಡಿ ಅಲ್ಲ, ಮುಂದ ಏನು ಬರತೈತಿ ಅನ್ನೋದು ಅವ್ರಿಗೆ ಗೊತ್ತಿರತಿತ್ತು.

ಈಗ ನನಗ ಒಂದು ಸಲಹಾ ಬೇಕು. ಹಳೇ ಟೇಪ್‌ಗಳೊಳಗ ವೈರ್ ಹಚ್ಚಿಲ್ಲ, ರೇಡಿಯೋ ಮುಂದ ಮೈಕ್ ಇಟ್ಟು ಹಿಡದಾರ. ಅದಕ್ಕ ಮನಿ ಸಪ್ಪಳ ಎಲ್ಲಾ ಬಂದೈತಿ. ಕುಕ್ಕರ್ ಸೀಟಿ, ಹಾಲಿನವ, ಒಂದರಾಗ ಕಾಕು "ಹೂರಣ ಕುದ್ದದ, ಬರ್ರಿ" ಅಂತಾರ. ಮತ್ತ ಎಲ್ಲಾದರಾಗೂ ಒಂದು ದನಿ ಐತಿ. ಮನ್ಸೂರ ಬುವಾ ಎಲ್ಲೆಲ್ಲೋ ಹೋಗಿ, ಇನ್ನ ಇವ್ರು ವಾಪಸ್ ಬರಂಗಿಲ್ಲ ಅನ್ನೋದ್ರಾಗ ಸಮ್ಮಿಗೆ, ತಾಳದ ಮೊದಲನೇ ಪೆಟ್ಟಿಗೆ, ಬಂದು ಬೀಳತಾರ ನೋಡ್ರಿ, ಅಗದಿ ಅದ ಹೊತ್ತಿಗೆ ಮೈಕಿನ ಹತ್ರ ಸಣ್ಣಗ "ಹಾಂ" ಅಂತ. ಸರ್‌ದು. ನಲವತ್ತು ಕ್ಯಾಸೆಟ್ ಆದ್ವು, ಪ್ರತಿಯೊಂದರಾಗೂ ಐತಿ. ಸಾಫ್ಟ್‌ವೇರ್ ಹಾಕಿದ್ರ ಕುಕ್ಕರ್ರೂ ಹೋಗತೈತಿ, ಇದೂ ಹೋಗತೈತಿ, ಹಾಡು ಸ್ವಚ್ಛ ಆಗತೈತಿ. ಮಂದಿ ಕೇಳಾಕ ಕೊಡೋದಾದ್ರ ತಗೀಲೋ ಹೆಂಗ?

ಗಿರಮಿಟ್_ಗೆಳೆಯ

ಮುಟ್ಟೀ ಹುಷಾರ್

ಗದಗ_ಬೆಟಗೇರಿ

ಬ್ಯಾಡ್ರಿ. ಸಮ್ಮಿಗೆ ದಾದ (ಶಾಭಾಷ್) ಕೊಡಾವ್ರು ಇರಲಾರದ ಹಾಡು ತಬಲಾ ಬಾರ್ಸೋ ನಮಗ ಅರ್ಧಾ ಕೇಳಿಧಂಗ.

ಲ್ಯಾಬ್_ರೆಕಾರ್ಡ್

ಎರಡು ಕಾಪಿ ಮಾಡ್ರಿ, ಮೂಲ ಹಂಗ ಇಡ್ರಿ. ಆದ್ರ ನನಗ ಕುಕ್ಕರ್ ಇರೋ ಕಾಪಿನ ಬೇಕು.

ಮಾಳಮಡ್ಡಿಯಾಕಿ

ಕಾಕು ಅವ್ರ ದನಿನೂ ತಗೀಬ್ಯಾಡ್ರಿ ಮತ್ತ. ಅವ್ರು ಕರದು ಕರದು ಆ ಹೂರಣ ಆರಿ ಹೋಗಿರಬೇಕು, ಪಾಪ.

ಸಪ್ತಾಪುರ_92

ತಮ್ಮಾ, ಅವ್ರು ಹಾಡಿಲ್ಲ ಅಂತ ನಾನ ಶುರು ಮಾಡಿದ್ದು ಈ ಮಾತು. ಆ "ಹಾಂ" ಒಂದ ತುಣುಕು ಇಲ್ಲಿ ಹಾಕ್ತೀಯೇನು, ಕೇಳೂನು.

ಟೇಪ್_ತಿರುವಾವ

ಹಾಕತೀನಿ ಅಣ್ಣಾ, ಕಾಕು ಅವ್ರನ್ನ ಒಂದು ಮಾತು ಕೇಳಿ. ತಗಿಯೂದಿಲ್ಲ ಬಿಡ್ರಿ ಯಾವ್ದೂ. ಈಗ ನಲವತ್ತೊಂದನೇದ್ದು ಬಿ ಸೈಡ್ ಹಚ್ಚೀನಿ, ಡಬ್ಬಿ ಮ್ಯಾಲೆ 'ಮಳೆ, ಸಿಗ್ನಲ್ ಕೆಟ್ಟದ್ದು, ಆದರೂ ಇರಲಿ' ಅಂತ ಬರದಾರ. ಇಲ್ಲೂ ಮಳಿ ಬರೂ ಹಂಗೈತಿ, ಕರೆಂಟ್ ಹೋಗೂದ್ರಾಗ ಮುಗಿಸಬೇಕು.